ಉಸಿರಾಡುತ್ತಿದ್ದ ಒಂಬತ್ತನೇ ಲೈನು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ದೂರು ಠಾಣೆಗೆ ಬಂತು. ಒಂದೂವರೆ ಪುಟ, ಟೈಪ್ ಮಾಡಿದ್ದು, ಕೊನೆಯಲ್ಲಿ ಕಾಗದ ಹರಿಯುವಷ್ಟು ಒತ್ತಿ ಹಾಕಿದ ಸಹಿ. ತಂದವನು ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಸಣ್ಣ ಕಂಪನಿ ನಡೆಸುವವನು. ಆಸ್ಪತ್ರೆಗಳ ಎಕ್ಸ್‌ರೇ ಚಿತ್ರಗಳನ್ನು ಜೋಪಾನವಾಗಿಟ್ಟು, ವೈದ್ಯರು ಕೇಳಿದ ಗಳಿಗೆಗೆ ಒದಗಿಸುವುದು ಅವನ ಕಸುಬು. ಇನ್‌ಸ್ಪೆಕ್ಟರ್ ಎರಡು ಸಲ ಓದಿದರು.

“ಏನು ಕಳುವಾಗಿದೆ ಅಂತೀರಿ?”

“ಕಂಪ್ಯೂಟರ್ ಸಾರ್.”

“ಎಷ್ಟು?”

“ಆರುನೂರು.”

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದರು. “ಆರುನೂರು ಕಂಪ್ಯೂಟರನ್ನ ಎರಡನೇ ಮಹಡಿಯಿಂದ ಹೆಂಗ್ರೀ ಇಳಿಸಿದ್ರು?”

“ಇಳಿಸಿಲ್ಲ ಸಾರ್. ಅವು ನಮ್ಮ ಹತ್ರ ಇರಲೇ ಇಲ್ಲ.”

ಮೂಲೆಯ ಮೇಜಿನಿಂದ ರೈಟರ್ ಕಾನ್‌ಸ್ಟೇಬಲ್ ಕಿಸಕ್ಕೆಂದ. ಮಾಲೀಕನಿಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಅವನು ತಡೆತಡೆದು ಬಿಡಿಸಿ ಹೇಳಿದ್ದು ಇಷ್ಟು: ಕ್ಲೌಡ್ ಎಂದರೆ ಎಲ್ಲೋ ದೂರದ ಕಟ್ಟಡದಲ್ಲಿ ಸಾಲಾಗಿ ನಿಂತ ಕಂಪ್ಯೂಟರುಗಳು, ಅವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವುದು. ಬಾಡಿಗೆ ಕಾರಿನ ಹಾಗೆ ಮೀಟರ್ ಓಡುತ್ತಿರುತ್ತದೆ. ಅವನ ಕಂಪನಿಗೆ ದಿನಕ್ಕೆ ಬೇಕಾದದ್ದು ಹನ್ನೆರಡು ಯಂತ್ರ. ಹೋದ ಶುಕ್ರವಾರ ಸಂಜೆಯಿಂದ ಸೋಮವಾರ ಮುಂಜಾನೆವರೆಗೆ ಅವನ ಹೆಸರಿನಲ್ಲಿ ಆರುನೂರು ಓಡಿವೆ. ಆ ದಿನಗಳ ಬಿಲ್ಲು ಮಾಮೂಲಿಗಿಂತ ಐವತ್ತು ಪಟ್ಟು ಬಂದಿದೆ.

“ಯಾರ ಮೇಲಾದ್ರೂ ಅನುಮಾನ?”

“ಅನುಮಾನ ಏನು ಬಂತು ಸಾರ್, ಬರೆದೇ ಇದೀನಲ್ಲ. ನನ್ನ ನಾದಿನಿ.”

ನಾದಿನಿ ಎಂದರೆ ಹೆಂಡತಿಯ ಒಡಹುಟ್ಟಿದ ತಂಗಿ. ಇಪ್ಪತ್ತೊಂಬತ್ತು ವಯಸ್ಸು, ಅದೇ ಕಂಪನಿಯ ಎಂಜಿನಿಯರ್. ಖರ್ಚು ಮಿತಿ ಮೀರಿದರೆ ಎಲ್ಲರಿಗೂ ಆ ಕ್ಷಣವೇ ಎಚ್ಚರಿಕೆ ಕೊಡುವ ವ್ಯವಸ್ಥೆ ಕಟ್ಟಿದವಳೇ ಅವಳು. ಆ ವ್ಯವಸ್ಥೆ ಮೂರು ದಿನ ತುಟಿ ಪಿಟಕ್ ಅನ್ನಲಿಲ್ಲ.

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು ಸಾರ್. ಒಳಗೆ ಹಾಕಿ,” ಅಂದ ಮಾಲೀಕ.

ಹನ್ನೊಂದೂ ಕಾಲಕ್ಕೆ FIR ದಾಖಲಾಯಿತು. ಇನ್‌ಸ್ಪೆಕ್ಟರಿಗೆ ಕಂಪ್ಯೂಟರ್ ಎಂದರೆ ರೈಟರ್ ಟೈಪ್ ಮಾಡಿ ಕೊಡುವ ಕಾಗದ. ಹಾಗಾಗಿ ಜೊತೆಗೆ ಯಾರನ್ನು ಕರೆದೊಯ್ಯುವುದೆಂದು ಠಾಣೆಯನ್ನೊಮ್ಮೆ ಕಣ್ಣಾಡಿಸಿದರು. ಕಣ್ಣು ನಿಂತದ್ದು ವೈರ್‌ಲೆಸ್ಸಮ್ಮನ ಮೇಲೆ.

ಹೆಡ್ ಕಾನ್‌ಸ್ಟೇಬಲ್, ಐವತ್ತೊಂದು ವಯಸ್ಸು, ಕಂಟ್ರೋಲ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು. ಈ ಠಾಣೆಗೆ ವರ್ಗವಾಗಿ ಬಂದು ಹತ್ತು ದಿನ. ಮಾತು ಕಮ್ಮಿ. ಎದುರಿನವರು ಮಾತಾಡುವಾಗ ತಲೆಯನ್ನು ಎಡಕ್ಕೆ ವಾಲಿಸಿ ಕೇಳುವುದು ಅಭ್ಯಾಸ. ಹೊಸಬರು ಅದನ್ನು ಕಿವುಡು ಎಂದುಕೊಳ್ಳುತ್ತಿದ್ದರು. ಹಾಗಂದುಕೊಂಡವರೆಲ್ಲ ಕೊನೆಗೆ ಪೆಚ್ಚಾದವರೇ.

ಹನ್ನೆರಡೂವರೆಗೆ ಸ್ಥಳ ಪರಿಶೀಲನೆ. ಮೆಟ್ಟಿಲಿನುದ್ದಕ್ಕೂ ಹೊಸ ರಬ್ಬರಿನ ವಾಸನೆ. ಮೇಲೆ ಒಂದು ಹಜಾರ, ಏಳು ಮೇಜು, ಗಾಜಿನ ತಡಿಕೆ ಹಾಕಿದ ಮಾಲೀಕನ ಕೋಣೆ. ಕುಡಿಯುವ ನೀರಿನ ಯಂತ್ರದ ಪಕ್ಕ ಗೋಡೆಗೆ ಒಂದು ದೊಡ್ಡ ಪರದೆ. ಅದರ ನಡುವೆ ಒಂದೇ ಒಂದು ಅಂಕಿ, ಕ್ಲೌಡ್ ಖರ್ಚಿನದು, ನಿಮಿಷಕ್ಕೊಮ್ಮೆ ಬದಲಾಗುತ್ತಿತ್ತು. ಪಂಚರಾಗಿ ಕೆಳಗಿನ ಟೈರ್ ಮೆಕ್ಯಾನಿಕ್ಕನನ್ನೂ ಎದುರಿನ ಜೆರಾಕ್ಸ್ ಅಂಗಡಿಯ ಹೆಂಗಸನ್ನೂ ಕರೆಸಿದರು. ಮೆಕ್ಯಾನಿಕ್ಕನು ಕೈಗೆ ಮೆತ್ತಿದ ಗ್ರೀಸನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಪಂಚನಾಮೆ ಮುಗಿಯುವವರೆಗೂ ಎರಡೂ ಕೈ ಎತ್ತಿಕೊಂಡೇ ನಿಂತಿದ್ದ.

ವೈರ್‌ಲೆಸ್ಸಮ್ಮನಿಗೆ ಕುರ್ಚಿ ತಂದುಕೊಟ್ಟವರು ಮೇಷ್ಟ್ರು. ಕಂಪನಿಯ ಹಿರಿಯ ಎಂಜಿನಿಯರ್. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಅಲ್ಲಿ ನಾದಿನಿಯೂ ಅವರ ಶಿಷ್ಯೆ. ಅಲ್ಲಿಂದ ಬಂದು ಆರು ವರ್ಷವಾದರೂ ಮೇಷ್ಟ್ರು ಎಂಬ ಹೆಸರು ಹೋಗಿರಲಿಲ್ಲ, ಪಾಠ ಹೇಳುವ ಚಟವೂ ಹೋಗಿರಲಿಲ್ಲ.

“ಈ ಪರದೆಗೆ ಅಂಕಿ ಹೆಂಗೆ ಬರುತ್ತೆ ಮೇಷ್ಟ್ರೇ?” ವೈರ್‌ಲೆಸ್ಸಮ್ಮ ಕೇಳಿದರು.

“ನೋಡಿಮ್ಮಾ, ಸಾಮಾನ್ಯವಾಗಿ ವೆಬ್ ಅಂದ್ರೆ ನಾವು ಕೇಳ್ತೀವಿ, ಅದು ಹೇಳುತ್ತೆ, ಫೋನ್ ಇಟ್ಟುಬಿಡುತ್ತೆ. ಮತ್ತೆ ಬೇಕಾದ್ರೆ ಮತ್ತೆ ಫೋನ್. ಕ್ಲೌಡ್‌ನೋರು ಕಳಿಸೋ ಎಚ್ಚರಿಕೆ ಇನ್ನೂ ನಿಧಾನ, ಮೇಲ್‌ನಲ್ಲಿ ಅರ್ಧ ದಿನ ತಡ. ಅಷ್ಟೊತ್ತಿಗೆ ಊರು ಕೊಳ್ಳೆ ಹೊಡೆದಾಗಿರುತ್ತೆ. ಈ ಹುಡುಗಿ ಏನು ಮಾಡಿದ್ಲು ಅಂದ್ರೆ, ಫೋನ್ ಇಡೋದೇ ಬೇಡ ಅಂದ್ಲು. ಲೈನು ಯಾವಾಗಲೂ ತೆರೆದೇ ಇರುತ್ತೆ. ಖರ್ಚು ಏರಿದ ಕ್ಷಣ ಅದೇ ಲೈನಿನಲ್ಲಿ ಸುದ್ದಿ. ಅರ್ಧ ಮಿತಿಗೆ ಹಳದಿ, ಮುಕ್ಕಾಲಿಗೆ ಕಿತ್ತಳೆ, ಪೂರ್ತಿಗೆ ಕೆಂಪು. ಪಾಳಿಯಲ್ಲಿರೋರು ಎರಡು ನಿಮಿಷದೊಳಗೆ ‘ನೋಡಿದೆ’ ಅಂತ ಒತ್ತಬೇಕು. ಒತ್ತದಿದ್ರೆ ಎಲ್ಲರ ಫೋನಲ್ಲೂ ಸೈರನ್.”

“ಲೈನು ಸತ್ತುಹೋದ್ರೆ?”

ಮೇಷ್ಟ್ರ ಮುಖ ಅರಳಿತು. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿ ಸಿಕ್ಕರೆ ಯಾವ ಮೇಷ್ಟ್ರಿಗೆ ತಾನೇ ಖುಷಿಯಾಗದು? “ಅದಕ್ಕೇ ಮೂವತ್ತು ಸೆಕೆಂಡಿಗೊಮ್ಮೆ ಸರ್ವರ್ ಕೇಳುತ್ತೆ, ಇದೀಯಾ? ಪರದೆ ಹೇಳುತ್ತೆ, ಇದೀನಿ. ಉತ್ತರ ಬರದಿದ್ರೆ ಲೈನು ಸತ್ತಿದೆ ಅಂತ ಅರ್ಥ. ಗೋಡೆ ಪರದೆಗೊಂದು, ನಮ್ಮ ಎಂಟು ಜನರ ಫೋನಿಗೆ ಎಂಟು. ಒಟ್ಟು ಒಂಬತ್ತು ಲೈನು. ಎಲ್ಲಾ ಪ್ರಶ್ನೆ, ಎಲ್ಲಾ ಉತ್ತರ ದಾಖಲಾಗಿರುತ್ತೆ.”

“ನಮ್ಮ ವೈರ್‌ಲೆಸ್ ರೋಲ್‌ಕಾಲ್ ಹಂಗೆ.”

“ಭೇಷ್! ನನಗಿಂತ ಚೆನ್ನಾಗಿ ಹೇಳಿದ್ರಿ.”

ಆ ದಾಖಲೆಗಳನ್ನು ಲೈನಿಗೆ ಅರ್ಧ ಗಂಟೆಗೊಂದು ಸಾಲಿನಂತೆ ಆಯ್ದು ಮುದ್ರಿಸಿಕೊಂಡಾಗ ಅರವತ್ತೊಂದು ಪುಟ ಆಯಿತು. ಅದರಲ್ಲಿದ್ದದ್ದು ನಾದಿನಿಯ ಕೊರಳಿಗೆ ಉರುಳು. ಶುಕ್ರವಾರ ಸಂಜೆ ನಾಲ್ಕು ಮೂವತ್ತೇಳಕ್ಕೆ ಅವಳ ಹೆಸರಿನ ಕೀಲಿಯಿಂದ ಯಾರೋ ವ್ಯವಸ್ಥೆಯ ಒಳಹೊಕ್ಕಿದ್ದರು. ಶನಿವಾರ ಹನ್ನೊಂದು ನಲವತ್ತೆರಡಕ್ಕೆ ಕೆಂಪು ಎಚ್ಚರಿಕೆ ಒಂಬತ್ತೂ ಲೈನಿಗೆ ಹೋಗಿತ್ತು, ಒಂಬತ್ತೂ ಕಡೆ ‘ತಲುಪಿದೆ’ ಎಂದಿತ್ತು. ಆ ವಾರದ ಪಾಳಿ ಅವಳದೇ. ‘ನೋಡಿದೆ’ ಎಂದು ಒತ್ತಿದ್ದೂ ಅವಳ ಹೆಸರಿನಲ್ಲೇ. ಹಳದಿಗೆ, ಕಿತ್ತಳೆಗೆ, ಕೆಂಪಿಗೆ, ಮೂರಕ್ಕೂ.

ಮಧ್ಯಾಹ್ನ ಮೂರೂವರೆಗೆ ಠಾಣೆಯಲ್ಲಿ ಅವಳ ವಿಚಾರಣೆ ನಡೆಯಿತು. ತೆಳ್ಳಗಿನ ಹೆಣ್ಣುಮಗಳು, ಕೊರಳಲ್ಲಿ ದಾರಕ್ಕೆ ಕಟ್ಟಿದ ಉಗುರಿನಷ್ಟು ಅಗಲದ ಒಂದು ಕೀಲಿ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಒಳಗೆ ಪ್ರವೇಶ.

“ಕೀಲಿ ಯಾರಿಗಾದ್ರೂ ಕೊಟ್ಟಿದ್ರಾ?”

“ಇಲ್ಲ.”

“ಕೆಂಪು ಎಚ್ಚರಿಕೆ ನಿಮ್ಮ ಫೋನಿಗೆ ಬಂತಾ?”

“ಇಲ್ಲ. ಶನಿವಾರ ಭಾನುವಾರ ಎರಡೂ ದಿನ ನೋಡ್ತಾನೇ ಇದ್ದೆ. ಅಂಕಿ ಮಾಮೂಲಿಯಾಗಿತ್ತು.”

“ದಾಖಲೆ ಬಂದಿದೆ ಅನ್ನುತ್ತೆ.”

“ಗೊತ್ತು ಸಾರ್.”

“ಹಂಗಾದ್ರೆ ನಿಮ್ಮ ವ್ಯವಸ್ಥೆ ಕೆಟ್ಟಿದೆ.”

ಅಲ್ಲಿಯವರೆಗೆ ತಲೆ ತಗ್ಗಿಸಿದ್ದವಳು ಧಡಕ್ಕನೆ ಎದ್ದು ನಿಂತಳು. “ಕಳ್ಳಿ ಅನ್ನಿ ಸಾರ್, ತಡ್ಕೋತೀನಿ. ಭಾವ ಅಂದಾಯ್ತು, ನೀವೂ ಅನ್ನಿ. ಆದ್ರೆ ನಾನು ಕಟ್ಟಿದ್ದು ಕೆಟ್ಟಿದೆ ಅನ್ಬೇಡಿ. ಅದು ಕೆಡೋ ಹಂಗೆ ಕಟ್ಟಿಲ್ಲ.”

ಎಂಥ ಹೆಣ್ಣು! ತನ್ನನ್ನು ಉಳಿಸುವ ಒಂದೇ ಮಾತನ್ನು ಇನ್‌ಸ್ಪೆಕ್ಟರ್ ಬಾಯಿಗಿಟ್ಟರೂ ಉಗುಳಿಬಿಟ್ಟಳು. ವ್ಯವಸ್ಥೆ ಕೆಟ್ಟಿದೆ ಎಂದು ತಲೆಯಾಡಿಸಿದ್ದರೆ ಅವಳಿಗೆ ಅರ್ಧ ಬಿಡುಗಡೆ. ಇನ್‌ಸ್ಪೆಕ್ಟರ್ ಇಪ್ಪತ್ತಾರು ವರ್ಷದ ಕೆಲಸದಲ್ಲಿ ತಪ್ಪಿತಸ್ಥರು ಸುಳ್ಳು ಹೇಳುವುದನ್ನು ಕಂಡಿದ್ದರು, ನಿರಪರಾಧಿಗಳು ಹೆದರಿ ಸುಳ್ಳು ಹೇಳುವುದನ್ನೂ ಕಂಡಿದ್ದರು. ಕೆಲಸದ ಮರ್ಯಾದೆಗೋಸ್ಕರ ಜೈಲಿಗೆ ಸಿದ್ಧಳಾದವಳನ್ನು ಕಂಡದ್ದು ಅದೇ ಮೊದಲು.

ಹೊರಗೆ ಬೆಂಚಿನ ಮೇಲೆ ಮಾಲೀಕ ಮತ್ತು ಅವನ ಹೆಂಡತಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಆಕೆ ಗಂಡನನ್ನು ಎಲ್ಲರೆದುರಿಗೇ ಕೇಳಿದಳು, “ಅವಳ ಕೈಗೆ ಬೇಡಿ ಬಿದ್ರೆ ನಾನು ಯಾವ ಮುಖ ಹೊತ್ಕೊಂಡು ನಿಮ್ಮ ಮನೇಲಿರಲಿ? ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕಿದ್ದೇ ನಾನು ಕಣ್ರೀ.”

“ಸಾಕ್ಷಿ ಇದೆ ಕಣೇ.”

“ನಿಮ್ಮ ಸಾಕ್ಷಿಗೆ ಬೆಂಕಿ ಬೀಳ.”

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂಬುದು ಮಾಲೀಕನಿಗೆ ಆಗಲೇ ಅರೆಬರೆ ತಿಳಿಯತೊಡಗಿತ್ತೇನೋ. ಆದರೆ ಮೇಲಧಿಕಾರಿಗಳಿಗೆ ಸುದ್ದಿ ಹೋಗಿಯಾಗಿತ್ತು. ಸಂಜೆ ಐದಕ್ಕೆ ಫೋನ್ ಬಂತು. ದಾಖಲೆ ಸ್ಪಷ್ಟವಾಗಿದೆ, ಗುರುವಾರ ಮಧ್ಯಾಹ್ನದೊಳಗೆ ಆಕೆಯನ್ನು ಬಂಧಿಸಿ ನ್ಯಾಯಾಲಯಕ್ಕೆ ಹಾಜರುಪಡಿಸತಕ್ಕದ್ದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಅಧಿಕಾರಿಗಳು ಎಲ್ಲಾ ಕಾಲದಲ್ಲೂ ಇರುತ್ತಾರೆ, ಅವರಿಗೇ ಬಡ್ತಿಯೂ ಬೇಗ ಸಿಗುತ್ತದೆ. “ಆಗಲಿ ಸಾರ್,” ಅಂದು ಇನ್‌ಸ್ಪೆಕ್ಟರ್ ಫೋನ್ ಇಟ್ಟರು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ವೈರ್‌ಲೆಸ್ಸಮ್ಮ ಅರವತ್ತೊಂದು ಪುಟಗಳನ್ನು ಉದ್ದ ಬೆಂಚಿನ ಮೇಲೆ ಹರಡಿಕೊಂಡು ಕೂತರು. ಕೈಯಲ್ಲಿ ಅಡಿಕೋಲು. ಸಾಲು ಬಿಟ್ಟು ಸಾಲಿಲ್ಲ. ಹನ್ನೊಂದಕ್ಕೆ ರೈಟರ್ ಕೇಳಿದ, “ಏನಮ್ಮಾ, ಪರೀಕ್ಷೆಗೆ ಓದ್ತಿದೀರಾ?” ಅಡಿಕೋಲು ಮುಂದಿನ ಸಾಲಿಗೆ ಇಳಿಯಿತು. ಹನ್ನೆರಡು ಐದಕ್ಕೆ ಅಡಿಕೋಲು ಒಂದು ಕಡೆ ನಿಂತಿತು. ತಲೆ ಎಡಕ್ಕೆ ವಾಲಿತು.

“ಸಾರ್, ಒಂದ್ನಿಮಿಷ ಬನ್ನಿ.”

ಇನ್‌ಸ್ಪೆಕ್ಟರ್ ಬಂದು ಪಕ್ಕದಲ್ಲಿ ಕೂತರು.

“ಹಿಂದೆ ಗುಡ್ಡದ ಮೇಲಿನ ಹೊರಠಾಣೆಯಲ್ಲಿ ಒಬ್ಬ ಆಪರೇಟರ್ ಇದ್ದ ಸಾರ್. ರೋಲ್‌ಕಾಲ್‌ಗೆ ಉತ್ತರ ಕೊಡೋಕೆ ಸೋಮಾರಿತನ. ಟೇಪ್‌ರೆಕಾರ್ಡರಿನಲ್ಲಿ ತನ್ನ ಧ್ವನಿ ತುಂಬಿ ಅಡುಗೆಯವನ ಕೈಗೆ ಕೊಟ್ಟು ತಾನು ಗೊರಕೆ ಹೊಡೀತಿದ್ದ. ಹನ್ನೊಂದು ದಿನ ನಡೀತು, ಹನ್ನೆರಡನೇ ದಿನ ಹಿಡಿದೆ.”

“ಹೆಂಗೆ?”

“ಎಲ್ಲಾ ಸರಿ ಅನ್ನೋ ಮುಂಚೆ ಕೆಮ್ತಿದ್ದ. ಹನ್ನೊಂದು ದಿನವೂ ಒಂದೇ ಕೆಮ್ಮು. ಮನುಷ್ಯನ ಕೆಮ್ಮು ಒಂದಿನ ಹೆಚ್ಚು ಒಂದಿನ ಕಮ್ಮಿ ಇರಲ್ವಾ ಸಾರ್?” ಅವರು ಪುಟದ ಕೊನೆಯ ಕಾಲಂ ತೋರಿಸಿದರು. “ಇದು ಸರ್ವರ್ ‘ಇದೀಯಾ’ ಅಂದ ಮೇಲೆ ‘ಇದೀನಿ’ ಅನ್ನೋಕೆ ಹಿಡಿದ ಹೊತ್ತು. ಸೆಕೆಂಡನ್ನ ಸಾವಿರ ಪಾಲು ಮಾಡಿದ ಲೆಕ್ಕ. ಗುರುವಾರದ್ದು ನೋಡಿ. ನಲವತ್ತೊಂದು, ಎಪ್ಪತ್ತು, ಮೂವತ್ತೆಂಟು, ನೂರಾ ಹತ್ತು. ಫೋನ್ ಜೇಬಲ್ಲಿರುತ್ತೆ, ಬಸ್ಸಲ್ಲಿರುತ್ತೆ, ಲಿಫ್ಟಲ್ಲಿರುತ್ತೆ. ಉಸಿರಾಡ್ತಾ ಇದೆ. ಈಗ ಶುಕ್ರವಾರ ನಾಲ್ಕು ಮೂವತ್ತೇಳರ ಮೇಲೆ ನೋಡಿ.”

ಹನ್ನೆರಡು. ಹನ್ನೆರಡು. ಹನ್ನೆರಡು. ಪುಟದ ಮೇಲೆ ಪುಟ ಹನ್ನೆರಡು.

“ಇದು ಟೇಪ್‌ರೆಕಾರ್ಡರ್ ಸಾರ್. ‘ನೋಡಿದೆ’ ಅಂತ ಒತ್ತಿರೋದೂ ಅಷ್ಟೇ. ಹಳದಿಗೆ ಐದು ಸೆಕೆಂಡು, ಕಿತ್ತಳೆಗೆ ಐದು, ಕೆಂಪಿಗೂ ಐದೇ. ಸ್ನಾನದ ಮನೇಲಿದ್ರೂ ಐದೇ ಸೆಕೆಂಡಾ?”

ಇನ್‌ಸ್ಪೆಕ್ಟರ್ ಎದ್ದು ನಿಂತು ಆಕೆಗೆ ಸೆಲ್ಯೂಟ್ ಹೊಡೆದರು. ತಮಾಷೆಗಲ್ಲ. ರೈಟರ್ ತೆರೆದ ಬಾಯಿ ಮುಚ್ಚಲಿಲ್ಲ.

ನಾದಿನಿಯನ್ನು ಕರೆಸಿದರು. ಕಾಗದ ನೋಡಿದ ಹತ್ತೇ ಸೆಕೆಂಡಿನಲ್ಲಿ ಅವಳ ಕಣ್ಣು ತುಂಬಿತು. “ನಡುವೆ ಯಾರೋ ಕೂತಿದಾರೆ ಸಾರ್! ನಮ್ಮ ಆಫೀಸಿನ ಒಳಗೇ. ಸರ್ವರಿಗೆ ‘ಇದೀನಿ, ನೋಡಿದೆ’ ಅಂತ ಸುಳ್ಳು ಉತ್ತರ ಕೊಡ್ತಾ, ನಮಗೆ ಹೋದ ವಾರದ ಅಂಕಿ ತೋರಿಸ್ತಾ ಇದ್ದ ಒಂದು ಪ್ರೋಗ್ರಾಂ. ಎಲ್ಲಾ ಲೈನನ್ನೂ ಅದರ ಮೂಲಕ ತಿರುಗಿಸಿದಾರೆ. ನನ್ನದು ಕೆಟ್ಟಿರಲಿಲ್ಲ. ಕೂಗಿದೆ ಸಾರ್ ಅದು, ಮೂರು ಸಲ ಕೂಗಿದೆ. ಬಾಯಿ ಮುಚ್ಚಿಸಿದಾರೆ.”

“ಎಲ್ಲಾ ಲೈನೂ ಅಲ್ಲಮ್ಮ,” ಅಂದರು ವೈರ್‌ಲೆಸ್ಸಮ್ಮ. “ಎಂಟು ಮಾತ್ರ. ಒಂಬತ್ತನೇದು ಉಸಿರಾಡ್ತಾನೇ ಇದೆ. ಐವತ್ತೆರಡು, ಎಂಬತ್ತು, ನಲವತ್ತೇಳು. ಶುಕ್ರವಾರ, ಶನಿವಾರ, ಭಾನುವಾರ. ಆ ಫೋನಿಗೆ ಮಾತ್ರ ನಿಜವಾದ ಅಂಕಿ ಹೋಗಿದೆ. ಯಾರದದು?”

ಅವಳು ಸಾಲಿನ ತುದಿಯ ಸಂಖ್ಯೆ ನೋಡಿದಳು. ಮುಖದಲ್ಲಿದ್ದ ಸಂತೋಷವೆಲ್ಲ ಹಾಗೇ ಇಂಗಿಹೋಯಿತು.

“ಯಾರದು?”

“ಇಲ್ಲ ಸಾರ್. ತಪ್ಪಿರಬೇಕು.”

“ಯಾರದಮ್ಮಾ?”

“ಮೇಷ್ಟ್ರದು. ಆದ್ರೆ ಮೇಷ್ಟ್ರಲ್ಲ ಸಾರ್. ನನಗೆ ಕೆಲಸ ಕಲಿಸಿದ್ದೇ ಅವರು. ಇದನ್ನ ಕಟ್ಟುವಾಗ ಪಕ್ಕದಲ್ಲಿ ಕೂತಿದ್ದರು. ನನ್ನನ್ನೇ ಬರ್ಕೊಳ್ಳಿ ಬೇಕಾದ್ರೆ.”

“ಇನ್ನೊಂದು ಕೀಲಿ ಇದೆಯಾ ಎಲ್ಲಾದ್ರೂ?”

ಅವಳು ಕೊರಳಿನ ಕೀಲಿ ಮುಟ್ಟಿಕೊಂಡು ಹೇಳಿದಳು. “ಭಾವನ ಡ್ರಾಯರ್‌ನಲ್ಲಿ. ನಾನೇ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಕೊಟ್ಟಿದ್ದೆ. ಮರೆತಿರಬೇಕು ಅವರು.”

ಸಂಜೆ ನಾಲ್ಕಕ್ಕೆ ಅದೇ ಪಂಚರ ಸಮಕ್ಷಮದಲ್ಲಿ ಡ್ರಾಯರ್ ತೆರೆಯಿಸಿದರು. ಲಕೋಟೆ ಇತ್ತು, ಸಹಿ ಮಾಸಿರಲಿಲ್ಲ. ಮಾಲೀಕ ಗೆದ್ದವನಂತೆ ಎತ್ತಿ ತೋರಿಸಿದ. ಜೆರಾಕ್ಸ್ ಅಂಗಡಿಯ ಹೆಂಗಸು, ದಿನಕ್ಕೆ ನೂರು ಲಕೋಟೆ ಕಾಣುವವಳು, “ಅಣ್ಣಾ, ತಲೆ ಅಲ್ಲ, ಬುಡ ನೋಡಿ,” ಅಂದಳು. ಕೆಳಗಿನ ಮಡಿಕೆಯನ್ನು ಬಿಚ್ಚಿ ಬೇರೆ ಅಂಟಿನಿಂದ ಮತ್ತೆ ಅಂಟಿಸಿತ್ತು. ಕೀಲಿ ಒಳಗೇ ಇತ್ತು.

“ಡ್ರಾಯರ್ ಬೀಗದಕೈ ಯಾರಿಗಾದ್ರೂ ಕೊಟ್ಟಿದ್ರಾ?”

ಮಾಲೀಕನ ದನಿ ಇಳಿಯಿತು. “ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಕಂಪನಿ ಸೀಲು ಬೇಕು ಅಂದ್ರು. ಮೇಷ್ಟ್ರಲ್ವಾ ಅಂತ ಬೀಗದಕೈ ಗೊಂಚಲೇ ಕೊಟ್ಟೆ.” ಆಮೇಲೆ ಕುರ್ಚಿಯಲ್ಲಿ ಕುಸಿದ. “ಅಯ್ಯೋ, ಆ ಹುಡುಗಿ ಮುಖ ಹೆಂಗೆ ನೋಡ್ಲಿ ಸಾರ್ ನಾನು?”

ಮೇಷ್ಟ್ರು ಅಂದು ಕೆಲಸಕ್ಕೆ ಬಂದಿರಲಿಲ್ಲ. ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಮಫ್ತಿಯಲ್ಲಿ ಒಬ್ಬ ಕಾನ್‌ಸ್ಟೇಬಲ್‌ನನ್ನು ಅಲ್ಲಿ ನಿಲ್ಲಿಸಿದರು. ಮೇಷ್ಟ್ರು ಮರಳಿದ್ದು ತಡರಾತ್ರಿ.

ಗುರುವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಇನ್‌ಸ್ಪೆಕ್ಟರ್ ಮತ್ತು ವೈರ್‌ಲೆಸ್ಸಮ್ಮ ಆ ಮನೆಯ ಬಾಗಿಲು ತಟ್ಟಿದರು. ಎರಡು ಕೋಣೆಯ ಮನೆ, ಎರಡು ಮಂಚ. ಒಂದರ ಹೊದಿಕೆ ಸುಕ್ಕಿಲ್ಲದೆ ಹಾಸಿತ್ತು. ಮೇಷ್ಟ್ರು ಬಾಗಿಲು ತೆಗೆದು, ಬಂದವರನ್ನು ನೋಡಿ, “ಬನ್ನಿ, ಕೂತ್ಕೊಳ್ಳಿ. ಇನ್ನೊಂದು ನೂರು ಚಿತ್ರ ಬಾಕಿ ಇದೆ, ನೋಡಿ ಮುಗಿಸಿ ಬರ್ತೀನಿ,” ಅಂದರು. ಕಣ್ಣು ಕೆಂಪಗೆ ಊದಿತ್ತು.

ಕಂಪ್ಯೂಟರಿನಲ್ಲಿ ಒಬ್ಬ ದಪ್ಪ ಗಂಡಸಿನ ಮಸುಕು ಚಿತ್ರವಿತ್ತು, ಯಾವುದೋ ಅಂಗಡಿಯ ಕ್ಯಾಮೆರಾದ್ದು. ಮೇಷ್ಟ್ರು ಅದನ್ನು ನೋಡಿ, ತಲೆಯಾಡಿಸಿ, ಮುಂದಿನದಕ್ಕೆ ಹೋದರು.

“ಯಾರನ್ನ ಹುಡುಕ್ತಿದೀರಿ ಮೇಷ್ಟ್ರೇ?”

“ತಮ್ಮನ್ನ. ಗುಂಡ ಅಂತೀವಿ. ವಯಸ್ಸು ಮೂವತ್ತೊಂಬತ್ತು, ಬುದ್ಧಿ ಆರು ವರ್ಷದ್ದು. ಕಾಣೆಯಾಗಿ ಇವತ್ತಿಗೆ ಇಪ್ಪತ್ತಾರು ದಿನ. ಫಿಟ್ಸ್ ಬರುತ್ತೆ ಅವನಿಗೆ. ಮಾತ್ರೆ ಇಲ್ದೆ ಎಷ್ಟು ದಿನ ಇರ್ತಾನೆ ಹೇಳಿ.”

“ಆಫೀಸಲ್ಲಿ ಯಾರಿಗೂ ಗೊತ್ತಿಲ್ಲ?”

“ತಂಗಿ ಮನೆಗೆ ಕಳಿಸಿದೀನಿ ಅಂದೆ. ಪೇಟೇಲಿ ಅವನ ಕೈ ಹಿಡ್ಕೊಂಡಿದ್ದೆ ಸಾರ್. ಆಫೀಸಿಂದ ಫೋನ್ ಬಂತು. ಫೋನ್ ಹಿಡಿಯೋಕೆ ಅವನ ಕೈ ಬಿಟ್ಟೆ. ನಾಲ್ಕೇ ನಿಮಿಷ. ಇದನ್ನ ಯಾವ ಬಾಯಲ್ಲಿ ಹೇಳ್ಲಿ?”

ಮುಂದಿನದನ್ನು ಅವರು ಪಾಠ ಒಪ್ಪಿಸುವಂತೆ ಹೇಳಿದರು. ನಲವತ್ಮೂರು ಅಂಗಡಿ, ಎರಡು ಪೆಟ್ರೋಲ್ ಬಂಕು, ಒಂದು ಬಸ್ ನಿಲ್ದಾಣ. ಒಂದೊಂದಕ್ಕೂ ಹೋಗಿ ಕೈಮುಗಿದು ಕ್ಯಾಮೆರಾದ ದೃಶ್ಯಗಳನ್ನು ನಕಲು ಮಾಡಿಕೊಂಡಿದ್ದರು. ಒಬ್ಬ ಮನುಷ್ಯ ಕೂತು ನೋಡಿದರೆ ನಾಲ್ಕು ವರ್ಷ ಬೇಕು. ಆರುನೂರು ಯಂತ್ರ ನೋಡಿದರೆ ಮೂರು ದಿನ ಸಾಕು. ಗುಂಡನ ಮುಖವನ್ನೂ ನಡಿಗೆಯನ್ನೂ ಯಂತ್ರಗಳಿಗೆ ಕಲಿಸಿದರು. ಅವು ಸೋಸಿ ಕೊಟ್ಟದ್ದು ಮುನ್ನೂರ ಹದಿನೆಂಟು ಚಿತ್ರ. ಹಗಲು ಆಫೀಸು, ರಾತ್ರಿ ಕೂತು ಒಂದೊಂದು ಚಿತ್ರದ ಹಿಂದುಮುಂದಿನ ದೃಶ್ಯವನ್ನೂ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

“ಎಲ್ಲರ ಲೈನನ್ನೂ ಮುಚ್ಚಿದ್ರಿ. ನಿಮ್ಮದನ್ನ ಯಾಕೆ ತೆರೆದಿಟ್ರಿ? ಅದರಿಂದಲೇ ಸಿಕ್ಕಿಬಿದ್ರಿ,” ಅಂದರು ವೈರ್‌ಲೆಸ್ಸಮ್ಮ.

ಮೇಷ್ಟ್ರು ಆಕೆಯನ್ನು ನೋಡಿದರು. ಸಿಕ್ಕಿಬಿದ್ದ ಸಂಕಟಕ್ಕಿಂತ ಮೆಚ್ಚುಗೆಯೇ ಆ ನೋಟದಲ್ಲಿ ಹೆಚ್ಚಿತ್ತು. “ಉತ್ತರದ ಹೊತ್ತು ನೋಡಿದ್ರಾ? ಶಹಭಾಸ್. ಅದು ನನಗೆ ಹೊಳೀಲಿಲ್ಲ. ಮೀಟರ್ ಕಾಣದೆ ಯಂತ್ರ ಓಡಿಸ್ಬೇಡ್ರೋ ಅಂತ ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿದೀನಮ್ಮ. ನಾನೇ ಹೆಂಗೆ ಓಡಿಸ್ಲಿ? ಈ ಮನೆ ಮಾರಿದ್ರೆ ಎಷ್ಟು ಬರುತ್ತೋ ಅಷ್ಟಕ್ಕೆ ನಿಲ್ಲಿಸ್ಬೇಕು ಅಂತಿದ್ದೆ. ಸೋಮವಾರ ಮುಂಜಾನೆ ಅಷ್ಟಾಯ್ತು, ನಿಲ್ಲಿಸ್ದೆ. ನಿನ್ನೆ ಮನೆ ಮಾರೋಕೆ ದಲ್ಲಾಳಿ ಹತ್ರ ಹೋಗಿದ್ದೆ.”

“ಆ ಹುಡುಗಿ ಜೈಲಿಗೆ ಹೋಗ್ತಿದ್ಲು. ಗೊತ್ತಿತ್ತಲ್ಲ?”

ಮೇಷ್ಟ್ರು ಪರದೆಯಿಂದ ಕಣ್ಣು ಕಿತ್ತರು. “ಗೊತ್ತಿತ್ತು. ಚಿತ್ರ ನೋಡಿ ಮುಗಿದ ಗಳಿಗೆ ಬಂದು ಒಪ್ಕೊಳ್ಳೋಣ ಅಂತ. ನನ್ನನ್ನ ಹಿಡಿದ್ರೆ ಇವನ್ನ ನೋಡೋರು ಯಾರು? ಅವಳು ತಡ್ಕೋತಾಳೆ, ಗಟ್ಟಿಗಿತ್ತಿ, ಗುಂಡ ತಡ್ಕೊಳ್ಳಲ್ಲ ಅಂತ ಲೆಕ್ಕ ಹಾಕ್ದೆ. ಪಾಪಿ ಲೆಕ್ಕ ಸಾರ್ ಅದು.”

“ಪೊಲೀಸಿಗೆ ಹೇಳಬಹುದಿತ್ತು,” ಅಂದರು ಇನ್‌ಸ್ಪೆಕ್ಟರ್.

“ಹೇಳಿದ್ದೆ ಸಾರ್. ನಿಮ್ಮ ಠಾಣೆಗೇ ನಾಲ್ಕು ಸಲ ಬಂದಿದ್ದೆ. ಅಷ್ಟೊಂದು ಕ್ಯಾಮೆರಾ ಯಾರ್ರೀ ಕೂತು ನೋಡ್ತಾರೆ, ನಮಗೇನು ಬೇರೆ ಕೆಲಸ ಇಲ್ವಾ ಅಂದ್ರು ರೈಟರ್ ಸಾಹೇಬ್ರು. ತಪ್ಪೇನಿಲ್ಲ ಬಿಡಿ, ನಿಜವಾಗ್ಲೂ ನೋಡೋಕಾಗಲ್ಲ.”

ಎಂಟೂ ಕಾಲಕ್ಕೆ ಮೇಷ್ಟ್ರ ಬಂಧನವಾಯಿತು. ಠಾಣೆಗೆ ಬಂದವರೇ ಇನ್‌ಸ್ಪೆಕ್ಟರ್ ಕಾಣೆಯಾದವರ ಕಡತ ತರಿಸಿದರು. ಕೊನೆಯ ಪುಟದಲ್ಲಿ ‘ಹುಡುಕಾಟ ಮುಂದುವರಿದಿದೆ’ ಎಂದಿತ್ತು, ಕೆಳಗೆ ಅವರದೇ ಸಹಿ. ಓದದೆ ಹಾಕಿದ ಸಹಿ. ರೈಟರ್ ತಲೆ ತಗ್ಗಿಸಿ ನಿಂತಿದ್ದ. ಇನ್‌ಸ್ಪೆಕ್ಟರ್ ಅವನನ್ನು ಬೈಯದೆ ಪೆನ್ನು ತೆಗೆದರು. ಕೇಸ್ ಡೈರಿ ತೆರೆದು, ಅಪರಾಧದ ಉದ್ದೇಶ ಎಂಬಲ್ಲಿ ತಮ್ಮ ಕೈಯಾರೆ ಬರೆದರು:

‘ಆರೋಪಿಯು ಸ್ವಂತ ಲಾಭಕ್ಕಾಗಿ ಕೃತ್ಯ ಎಸಗಿರುವುದಿಲ್ಲ. ಕಾಣೆಯಾದ ತಮ್ಮನನ್ನು ಹುಡುಕುವ ಸಲುವಾಗಿ ಎಸಗಿರುತ್ತಾನೆ. ಸದರಿ ಹುಡುಕಾಟವು ಈ ಠಾಣೆಯ ಕರ್ತವ್ಯವಾಗಿದ್ದು, ಠಾಣೆಯು ಅದನ್ನು ಮಾಡಿರುವುದಿಲ್ಲ.’

“ಸಾರ್, ಇದು ಮೇಲಕ್ಕೆ ಹೋಗುತ್ತೆ,” ಅಂದ ರೈಟರ್.

“ಹೋಗ್ಲಿ.”

ಮೇಷ್ಟ್ರ ಮನೆಯಿಂದ ವಶಪಡಿಸಿಕೊಂಡ ಚಿತ್ರಗಳ ಡಿಸ್ಕಿಗೆ ಅರಗು ಹಾಕುವ ಮೊದಲು, ಪಂಚರ ಸಮಕ್ಷಮ ಒಂದು ನಕಲು ತೆಗೆಸಿದರು. ಹತ್ತೂವರೆಗೆ ಠಾಣೆಯ ಉದ್ದ ಬೆಂಚಿನ ಮೇಲೆ ರೈಟರ್, ಇಬ್ಬರು ಕಾನ್‌ಸ್ಟೇಬಲ್, ವೈರ್‌ಲೆಸ್ಸಮ್ಮ, ನಡುವೆ ಮೇಷ್ಟ್ರು. ಉಳಿದ ನೂರು ಚಿತ್ರ ಒಂದೊಂದಾಗಿ ಬಂತು. ಬೇರೆ ದಪ್ಪನೆಯವರು, ಬೇರೆಯವರ ತಮ್ಮಂದಿರು. ಇನ್ನೂರ ಎಪ್ಪತ್ತೊಂದನೆಯದಕ್ಕೆ ಮೇಷ್ಟ್ರು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪೆಟ್ರೋಲ್ ಬಂಕಿನ ಕ್ಯಾಮೆರಾ. ಖಾಲಿ ಬಾಟಲಿಗಳ ಕ್ರೇಟು ತುಂಬಿದ ಲಾರಿಯ ಹಿಂದೆ, ಕಾಲು ಇಳಿಬಿಟ್ಟು ಕೂತ ಒಬ್ಬ ಮನುಷ್ಯ. ನಗುತ್ತಿದ್ದ.

ಲಾರಿಯ ನಂಬರಿನ ಕೊನೆಯ ಎರಡಂಕಿ ಮಾತ್ರ ಕಾಣುತ್ತಿತ್ತು. ವೈರ್‌ಲೆಸ್ಸಮ್ಮ ಎದ್ದು ಹೋಗಿ ಸೆಟ್ಟಿನ ಮುಂದೆ ಕೂತರು. ಮೂವತ್ತೊಂದು ಠಾಣೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು ವಿವರ ಹೇಳಿದರು. ದನಿಯಲ್ಲಿ ಅವಸರವಿಲ್ಲ, ಒಂದು ಅಕ್ಷರ ಆಚೀಚೆಯಿಲ್ಲ. ಒಂದು ಗಂಟೆ ನಲವತ್ತು ನಿಮಿಷ ಕಳೆದ ಮೇಲೆ ಒಂದು ಠಾಣೆಯಿಂದ ಉತ್ತರ ಬಂತು. ಹಳೇ ಬಾಟಲಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುವ ಒಂದು ಅಂಗಳ. ಹೆಸರು ಹೇಳದ, ಲಾರಿ ಹತ್ತಿ ಬಂದ ಒಬ್ಬ ಮನುಷ್ಯ ಅಲ್ಲಿದ್ದಾನೆ. ಎರಡು ಸಲ ಫಿಟ್ಸ್ ಬಂದು ಬಿದ್ದಿದ್ದ, ಹಣೆಗೆ ಪೆಟ್ಟು. ಹೆಂಗಸರು ನೋಡಿಕೊಂಡಿದ್ದಾರೆ. ಹಸಿರು ಬಾಟಲಿಯ ರಾಶಿಗೆ ಒಂದೂ ಕಂದು ಬಾಟಲಿ ಹೋಗಲು ಬಿಡುವುದಿಲ್ಲವಂತೆ.

ಮೇಷ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ಎಲ್ಲರಿಗಿಂತ ಮುಂಚೆ ಅವರ ಬೆನ್ನು ಸವರಿದವನು ರೈಟರ್.

ಸಂಜೆ ನಾಲ್ಕಕ್ಕೆ ಜೀಪು ಬಂತು. ಅಷ್ಟು ಹೊತ್ತಿಗೆ ಮೇಷ್ಟ್ರು ಲಾಕಪ್ಪಿನೊಳಗಿದ್ದರು, ಕಾನೂನು ಕಾನೂನೇ. ಹಿಂದಿನ ಹೇಳಿಕೆ ತಿದ್ದಿಸಲು ಬಂದ ಮಾಲೀಕ, ಅವನ ಹೆಂಡತಿ, ನಾದಿನಿ ಬೆಂಚಿನ ಮೇಲಿದ್ದರು. ಅಕ್ಕ ತಂಗಿಯ ಕೈ ಬಿಟ್ಟಿರಲಿಲ್ಲ. ಗುಂಡ ಒಳಗೆ ಬಂದವನೇ ಸುತ್ತ ನೋಡಿ, ಕಂಬಿಯ ಹಿಂದಿನ ಮುಖ ಕಂಡು, ನೆಟ್ಟಗೆ ಹೋಗಿ ಕೈ ತೂರಿಸಿ ಅಣ್ಣನ ಅಂಗಿಯ ತೋಳು ಹಿಡಿದುಕೊಂಡ.

“ಅಣ್ಣಾ, ಬಾ. ಮನೇಗ್ ಹೋಗಣ.”

ಮೇಷ್ಟ್ರು ಕಂಬಿಯ ನಡುವೆ ಕೈ ಚಾಚಿ ಅವನ ಕೆನ್ನೆ ಸವರಿದರು.

“ಬಾ ಅಣ್ಣಾ. ಇನ್ಮೇಲೆ ಕೈ ಬಿಡಲ್ಲ ನಾನು.”

ಇನ್‌ಸ್ಪೆಕ್ಟರ್ ಕಿಟಕಿಯತ್ತ ತಿರುಗಿಕೊಂಡರು. ನಾದಿನಿ ಬೆಂಚಿನಿಂದ ಎದ್ದಳು. ಕಂಬಿಯ ಹತ್ತಿರ ಹೋಗಿ, ಮೇಷ್ಟ್ರ ಮುಖವನ್ನು ನೋಡದೆ, ಗುಂಡನ ಹಣೆಯ ಗಾಯವನ್ನಷ್ಟೇ ನೋಡುತ್ತ ನಿಂತಳು.

“ನಿಮ್ಮ ಜೊತೆ ನಾನು ಮಾತಾಡಲ್ಲ ಮೇಷ್ಟ್ರೇ. ಯಾವತ್ತು ಮಾತಾಡ್ತೀನೋ ಗೊತ್ತಿಲ್ಲ. ಇವನ ಮಾತ್ರೆ ಯಾವ ಹೊತ್ತಿಗೆ ಕೊಡ್ಬೇಕು, ಅದಷ್ಟು ಹೇಳಿ.”

“ಬೆಳಿಗ್ಗೆ ಎಂಟಕ್ಕೆ ಒಂದು. ರಾತ್ರಿ ಎಂಟಕ್ಕೆ ಒಂದೂವರೆ. ಊಟ ಆದ ಮೇಲೆ,” ಅಂದರು ಮೇಷ್ಟ್ರು. “ಅರ್ಧ ಮಾತ್ರೇನ ನೀರಲ್ಲಿ ಕರಗಿಸ್ಬೇಕು, ಇಲ್ದಿದ್ರೆ ಉಗೀತಾನೆ.”

ಅವಳು ರೈಟರನ ಮೇಜಿನಿಂದ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಬರೆದುಕೊಂಡಳು. ಆಮೇಲೆ ಗುಂಡನ ಬೆರಳುಗಳನ್ನು ಅಣ್ಣನ ತೋಳಿನಿಂದ ಒಂದೊಂದಾಗಿ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡು, ಅಕ್ಕನ ಜೊತೆ ಮೆಟ್ಟಿಲಿಳಿದು ಹೋದಳು.